ಮೊದಲನೆಯ ಗಾಳದ ಕೋಲು

ಗಾಳವೆಂದೊಡನೆ ನಮ್ಮ ಕಡೆಯ ಗೃಹಸ್ಥರ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಹಿತ್ತಿಲ ಮೆಳೆಯಿಂದ ಕಡಿದು ತಂದ ಬಿದಿರಿನ ಕೋಲು, ಅದರ ತುದಿಗೆ ಬಿಗಿದ ನೂಲು, ನೂಲಿನ ನಡುವೆ ತೇಲುವ ಬೆಂಡು, ಕೆಳಗೆ ಎರೆಹುಳವನ್ನು ಹೊತ್ತ ಕೊಕ್ಕೆ. ಇದರಲ್ಲಿ ಆರಿಸಿಕೊಳ್ಳತಕ್ಕದ್ದು ಹೆಚ್ಚೇನೂ ಇಲ್ಲ. ಕೋಲು ಮುರಿದರೆ ಇನ್ನೊಂದನ್ನು ಕಡಿದರಾಯಿತು. ಆದರೆ ಈಚೆಗೆ ನಮ್ಮ ಹುಡುಗರ ಮನಸ್ಸನ್ನು ಸೆಳೆಯುತ್ತಿರುವ ಬೇರೊಂದು ಬಗೆಯ ಗಾಳವುಂಟು. ಅದಕ್ಕೆ ಹುಳವೂ ಬೇಡ, ಬೆಂಡೂ ಬೇಡ, ಸೀಸದ ಗುಂಡೂ ಬೇಡ. ಹಕ್ಕಿಯ ಗರಿಯನ್ನೂ ಒಂದಿಷ್ಟು ರೋಮವನ್ನೂ ಕೊಕ್ಕೆಗೆ ಸುತ್ತಿ, ನೊಣವೋ ಮರಿಮೀನೋ ಎಂದು ಮೀನು ಭ್ರಮಿಸುವಂತೆ ಮಾಡಿ, ಅದನ್ನು ನೀರಿನ ಮೇಲೆ ಹಗುರವಾಗಿ ಇಳಿಸುವ ವಿದ್ಯೆ ಅದು. ಇಂಗ್ಲಿಷರು ಅದನ್ನು ಫ್ಲೈ ಫಿಶಿಂಗ್ ಎಂದು ಕರೆದರು. ನಾವು ನೊಣಗಾಳವೆಂದು ಕರೆಯೋಣ. ಇದರ ಕೋಲನ್ನು ಮೆಳೆಯಿಂದ ಕಡಿದು ತರುವಂತಿಲ್ಲ. ಹಣ ಕೊಟ್ಟು ಕೊಳ್ಳಬೇಕು. ಕೊಳ್ಳುವ ಮೊದಲು ತಿಳಿದುಕೊಳ್ಳಬೇಕು.

ಈ ವಿಷಯ ನಮ್ಮ ಮನೆಗೆ ಬಂದದ್ದು ನಮ್ಮ ಸೋದರಳಿಯನ ಮೂಲಕ. ಹುಡುಗನಿಗೆ ಹದಿನಾಲ್ಕು ವರ್ಷ. ತಂದೆ ಕೊಲ್ಲಿ ದೇಶದಲ್ಲಿ ದುಡಿಯುತ್ತಾರೆ. ಎರಡು ವರ್ಷಕ್ಕೊಮ್ಮೆ ರಜೆಯ ಮೇಲೆ ಬರುತ್ತಾರೆ. ಆದುದರಿಂದ ನಮ್ಮ ತಂಗಿಯೂ ಹುಡುಗನೂ ಗೇರುಸೊಪ್ಪದ ನಮ್ಮ ಮನೆಯಲ್ಲಿಯೇ ಇದ್ದಾರೆ. ಕಳೆದ ಎರಡು ಬೇಸಗೆಗಳಲ್ಲಿ ಅವನು ಗೇರುಬೀಜಗಳನ್ನು ಹೆಕ್ಕಿ, ಮಾರಿ, ಒಂಬತ್ತು ಸಾವಿರ ರೂಪಾಯಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಹಾಕಿದ್ದನು. ಗೇರಿನ ಹೆಸರನ್ನೇ ಹೊತ್ತ ಊರಿನಲ್ಲಿ ಇದು ಸಹಜವಾದ ಗಳಿಕೆಯೇ. ಆ ಹಣವನ್ನೆಲ್ಲ ಒಂದು ನೊಣಗಾಳದ ಕೋಲಿಗೆ ಹಾಕಬೇಕೆಂದು ಅವನ ಹಟ. ತಂದೆ ದೀಪಾವಳಿಗೆ ಬರುವಷ್ಟರಲ್ಲಿ ನೂಲನ್ನು ಎಸೆಯಲು ಕಲಿತಿರಬೇಕು. ಇಬ್ಬರೂ ಕೂಡಿ ಹೊಳೆಗೆ ಹೋಗಬೇಕು. ಇದನ್ನು ಅವನು ನಮ್ಮೊಡನೆ ಹೇಳಲಿಲ್ಲ, ತಾಯಿಯೊಡನೆ ಹೇಳಿದನು. ಅವಳು ಹಣಕ್ಕಾಗಿ ಅಷ್ಟು ಚಿಂತಿಸಲಿಲ್ಲ; ಹೊಳೆಗಾಗಿ ಚಿಂತಿಸಿದಳು. “ಅಣ್ಣಾ, ನೀನು ನೋಡಿ ಹೇಳು. ನೀನು ಬೇಡವೆಂದರೆ ಬೇಡ” ಎಂದು ನಮ್ಮ ಮೇಲೆ ಹಾಕಿಬಿಟ್ಟಳು. ಎರಡು ಬೇಸಗೆಯ ದುಡಿಮೆಯನ್ನು ಒಂದು ಮಾತಿನಿಂದ ತಳ್ಳಿಹಾಕುವುದೂ ಸುಲಭವಲ್ಲ, ಒಪ್ಪುವುದೂ ಸುಲಭವಲ್ಲ. ಓದಿಯೂ ಕೇಳಿಯೂ ಕಣ್ಣಾರೆ ನೋಡಿಯೂ ತಿಳಿದುಕೊಂಡುದನ್ನು, ಮನೆಯಲ್ಲಿ ಇಂತಹ ಹುಡುಗರಿರುವ ವಾಚಕರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಹುಡುಗನ ಕಣ್ಣಿದ್ದುದು ಹತ್ತನೆಯ ನಂಬರಿನ ದೊಡ್ಡ ಕೋಲಿನ ಮೇಲೆ. ಅದಕ್ಕೆ ಕಾರಣ ಚಿತ್ರಗಳು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗುವ ಮಹಶೀರ್ ಮೀನನ್ನು ಗಾಳದಿಂದ ಹಿಡಿದರೆಂಬುದು ಪ್ರಸಿದ್ಧವಾದ ಸಂಗತಿ. ಕಾವೇರಿಯ ಇಂತಹ ಭಾರಿ ಮೀನುಗಳ ಮಗ್ಗುಲಲ್ಲಿ ಮೊಣಕಾಲೂರಿ ಕುಳಿತ ಮನುಷ್ಯರ ಚಿತ್ರಗಳನ್ನು ನೋಡಿದ ಹುಡುಗನಿಗೆ ಚಿಕ್ಕ ಕೋಲು ಹಿಡಿಯುವುದಾದರೂ ಹೇಗೆ? ವಿಚಾರಿಸಿದ ಒಬ್ಬ ವರ್ತಕರೂ “ದೊಡ್ಡದನ್ನೇ ಕೊಳ್ಳಿ, ಮುಂದೆ ಬೇಕಾಗುತ್ತದೆ” ಎಂದರು. ವರ್ತಕರಿಗೆ ಮುಂದಿನದು ಯಾವಾಗಲೂ ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ನೆರೆಯಲ್ಲಿ ಒಬ್ಬ ಅಂಬಿಗ ಮುದುಕರಿದ್ದಾರೆ. ಈ ಹೊಳೆಯಲ್ಲಿ ದೋಣಿ ಹಾಕಿ, ಬಲೆ ಬೀಸಿ, ಗಾಳವಿಟ್ಟು ಎಪ್ಪತ್ತು ವರ್ಷ ಕಳೆದವರು. ನೊಣಗಾಳವನ್ನು ಅವರು ಕಂಡವರಲ್ಲ. ಆದರೂ ವಿಷಯವನ್ನೆಲ್ಲ ಕೇಳಿದ ಮೇಲೆ ಅವರು ಆಡಿದ ಮಾತು ಇಷ್ಟೇ: “ನೀರು ನೋಡ್ಕಂಡು ಕೋಲು ಕಡೀಬೇಕ್ರಾ, ಮೀನು ನೋಡ್ಕಂಡಲ್ಲ.” ಅನಂತರ ನಾವು ಓದಿದ ಪುಸ್ತಕಗಳು ನೂರಾರು ಪುಟಗಳಲ್ಲಿ ಹೇಳಿದುದು ಇದಕ್ಕಿಂತ ಬಹಳ ಹೆಚ್ಚಿನದೇನೂ ಅಲ್ಲ. ಆದರೆ ಮುದುಕರ ಮಾತಿನ ಅರ್ಥವನ್ನು ಬಿಡಿಸಬೇಕಾದರೆ ನೊಣಗಾಳದ ಕೋಲು ಕೆಲಸಮಾಡುವ ಬಗೆಯನ್ನು ಮೊದಲು ತಿಳಿಯಬೇಕು.

ಸಾಮಾನ್ಯವಾದ ಗಾಳದಲ್ಲಿ ಭಾರವಿರುವುದು ನೂಲಿನ ತುದಿಯಲ್ಲಿ. ಸೀಸವೋ ಎರೆಯೋ ಕವಣೆಕಲ್ಲಿನಂತೆ ಮುಂದಕ್ಕೆ ಹಾರುತ್ತದೆ. ತೆಳ್ಳಗಿನ ನೂಲು ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ನೊಣಗಾಳದಲ್ಲಿ ತುದಿಯ ಗರಿಗೆ ತೂಕವೆಂಬುದೇ ಇಲ್ಲ. ಕೈಯಿಂದ ಎಸೆದರೆ ಕಾಲ ಬುಡದಲ್ಲಿಯೇ ಬೀಳುತ್ತದೆ. ಇಲ್ಲಿ ತೂಕವಿರುವುದು ನೂಲಿನಲ್ಲಿ. ಆ ನೂಲು ದಪ್ಪ, ತುದಿಗೆ ಬರಬರುತ್ತ ಸಣ್ಣ. ಎತ್ತು ಹೊಡೆಯುವವನ ಬಾರುಕೋಲನ್ನು ನೆನೆದುಕೊಂಡರೆ ವಾಚಕರಿಗೆ ಸುಲಭವಾಗಿ ತಿಳಿಯುವುದು. ಕೋಲನ್ನು ಹಿಂದಕ್ಕೆ ಬೀಸಿದಾಗ ನೂಲು ಬೆನ್ನ ಹಿಂದೆ ಗಾಳಿಯಲ್ಲಿ ನೇರವಾಗಿ ಚಾಚುತ್ತದೆ. ಅದರ ತೂಕಕ್ಕೆ ಕೋಲು ಬಾಗುತ್ತದೆ. ಬಾಗಿದ ಕೋಲು ನೆಟ್ಟಗಾಗುವಾಗ ನೂಲನ್ನು ಮುಂದಕ್ಕೆ ಚಿಮ್ಮುತ್ತದೆ. ಎಂದ ಮೇಲೆ ಈ ಕೋಲಿನ ಗುಣವೆಲ್ಲ ಬಾಗುವುದರಲ್ಲಿದೆ. ನೂಲಿನ ತೂಕಕ್ಕೆ ಬಾಗದ ಕೋಲು ಎಷ್ಟು ಬೆಲೆಯದಾದರೂ ಹೊಸಬನ ಕೈಯಲ್ಲಿ ಒನಕೆಯೇ.

ಅದಕ್ಕಾಗಿಯೇ ಕೋಲಿನ ಮೇಲೆ ನಂಬರು ಬರೆದಿರುತ್ತಾರೆ. ಅದು ಕೋಲಿನ ಉದ್ದವೂ ಅಲ್ಲ, ಬಲವೂ ಅಲ್ಲ. ಅದಕ್ಕೆ ಒಪ್ಪುವ ನೂಲಿನ ತೂಕ. ಅಮೆರಿಕದ ತಯಾರಕರು 1960ರ ದಶಕದಲ್ಲಿ ಒಪ್ಪಿಕೊಂಡ ಕ್ರಮದಂತೆ ನೂಲಿನ ಮೊದಲ 30 ಅಡಿಗಳನ್ನು ಗ್ರೇನುಗಳಲ್ಲಿ ತೂಗಿ ನಂಬರು ಕೊಡುತ್ತಾರೆ. ಐದನೆಯ ನಂಬರಿಗೆ 140 ಗ್ರೇನು, ಏಳನೆಯದಕ್ಕೆ 185, ಹತ್ತನೆಯದಕ್ಕೆ 280. ಈ ಲೆಕ್ಕವನ್ನು ಓದಿ ನಮ್ಮ ಮನೆಯ ಹೆಂಗಸರು ನಕ್ಕರು. ಏಕೆಂದರೆ ಒಂದು ತೊಲವೆಂದರೆ 180 ಗ್ರೇನು, ಇದು ಚಿನ್ನದ ಲೆಕ್ಕವೇ ಆಯಿತು! ಐದನೆಯದು ಮುಕ್ಕಾಲು ತೊಲಕ್ಕೆ ಚೂರು ಹೆಚ್ಚು, ಏಳನೆಯದು ಸುಮಾರಾಗಿ ಒಂದು ತೊಲ, ಹತ್ತನೆಯದು ಒಂದೂವರೆ ತೊಲವನ್ನು ಮೀರಿದ್ದು. ಒಂದೂವರೆ ತೊಲದ ಬಾರನ್ನು ದಿನವೆಲ್ಲ ಬೀಸುವುದು ಬೆಳೆದ ಮನುಷ್ಯನ ತೋಳಿಗೇ ಶ್ರಮ. ಹದಿನಾಲ್ಕರ ಹುಡುಗನ ಮಣಿಕಟ್ಟು ಅರ್ಧ ಗಂಟೆಯಲ್ಲಿ ಸೋಲುತ್ತದೆ; ಸೋತ ಕೈ ತಪ್ಪಾಗಿ ಬೀಸುತ್ತದೆ; ತಪ್ಪಾಗಿ ಬೀಸಿದ ನೂಲು ಕುತ್ತಿಗೆಗೆ ಸುತ್ತುತ್ತದೆ. ವಾರದೊಳಗೆ ಕೋಲು ಬಾಗಿಲ ಹಿಂದೆ ಸೇರುತ್ತದೆ. ಮೊದಲನೆಯ ಕೋಲಿನ ಆಯ್ಕೆಯಲ್ಲಿ ಪಣವಾಗಿರುವುದು ಬರಿಯ ಹಣವಲ್ಲ, ಕಲಿಯುವವನ ಮನಸ್ಸು.

ಇನ್ನು ನೀರಿನ ಮಾತು. ಪುಸ್ತಕಗಳಲ್ಲಿ ಹೆಚ್ಚಿನವು ಹೊಸಬರಿಗೆ ಒಂಬತ್ತು ಅಡಿಯ, ಐದನೆಯ ನಂಬರಿನ ಕೋಲನ್ನು ಹೇಳುತ್ತವೆ. ಅವು ಶೀತದೇಶದ ತೊರೆಗಳ ಟ್ರೌಟ್ ಮೀನನ್ನು ಮನಸ್ಸಿನಲ್ಲಿಟ್ಟು ಬರೆದವು. ನಮಗೆ ಹತ್ತಿರದಲ್ಲಿ ಆ ಮೀನು ಸಿಕ್ಕುವುದು ನೀಲಗಿರಿಯಲ್ಲಿ. ಅಲ್ಲಿಯ ಅವಲಾಂಚೆಯಲ್ಲಿ 1907ರಲ್ಲಿ ಅದರ ಮರಿಗಳನ್ನು ಬೆಳೆಸುವ ಮನೆಯನ್ನು ಕಟ್ಟಿದರು. ಶರಾವತಿಗೆ ಆ ಲೆಕ್ಕ ಸಲ್ಲದು. ನಮ್ಮ ಹೊಳೆ ಗೇರುಸೊಪ್ಪದಿಂದ ಹೊನ್ನಾವರದವರೆಗಿನ ಸುಮಾರು 30 ಕಿಲೋಮೀಟರಿನಲ್ಲಿ ಮೂರು ಹೊಳೆಗಳಾಗಿದೆ. ಮೇಲೆ ಬಂಡೆಗಳ ನಡುವಿನ ಸಿಹಿನೀರು. ನಡುವೆ ಅಡಕೆ ತೆಂಗುಗಳ ನೆರಳಲ್ಲಿ ಅಗಲವಾಗಿ ಹರಿಯುವ ನಿಧಾನದ ನೀರು, ಹಿಂದೆ ಕಾಳುಮೆಣಸಿನ ದೋಣಿಗಳು ಓಡಾಡಿದ ದಾರಿ ಇದೇ. ಕೆಳಗೆ ಕಾಂಡ್ಲಾ ಗಿಡಗಳ ಬೇರುಗಳನ್ನು ತೊಳೆಯುವ ಉಬ್ಬರ ಇಳಿತದ ಉಪ್ಪುನೀರು. ಉಪ್ಪುನೀರೆಂದೆವಾದರೂ ಅದೂ ಮೊದಲಿನಂತಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಆದ ಮೇಲೆ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿದು ಬರುವುದರಿಂದ ಅಳಿವೆಯ ಉಪ್ಪು ತಗ್ಗಿದೆ. ಉಪ್ಪನ್ನು ಬಯಸುವ ಚಿಪ್ಪುಜೀವಿಗಳು ಅಘನಾಶಿನಿಯಲ್ಲಿರುವಷ್ಟು ಇಲ್ಲಿ ಇಲ್ಲ. ನೀರನ್ನು ನೋಡುವುದೆಂದರೆ ಇವನ್ನೆಲ್ಲ ನೋಡುವುದು.

ಗಾಳಿಯನ್ನೂ ನೋಡಬೇಕು. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಬೀಸುವ ಗಾಳಿಗೆ ಮುಕ್ಕಾಲು ತೊಲದ ನೂಲು ಎದುರು ನಿಲ್ಲದು. ಬೆನ್ನ ಹಿಂದಿನ ಜಾಗವನ್ನು ನೋಡಬೇಕು. ನೂಲು ಹಿಂದಕ್ಕೆ 30 ಅಡಿ ಚಾಚಬೇಕಾದರೆ ಹಿಂದೆ ತೋಟವಿರಬಾರದು. ನಮ್ಮ ದಡಗಳಲ್ಲಿ ಮೀನಿಗಿಂತ ಮೊದಲು ಗಾಳಕ್ಕೆ ಬೀಳುವುದು ಅಡಕೆಯ ಸೋಗೆ. ಬೇಸಗೆಯಲ್ಲಿ ಬಯಲಾಗುವ ಮಳಲ ದಿಬ್ಬಗಳೂ ನಿಂತ ದೋಣಿಯೂ ಇದಕ್ಕೆ ಯೋಗ್ಯವಾದ ಸ್ಥಳಗಳು. ಇದನ್ನೆಲ್ಲ ಕೂಡಿಸಿ ನಾವು ನಿರ್ಣಯಿಸಿದ್ದು ಏಳನೆಯ ನಂಬರನ್ನು. ಹುಡುಗನ ಮಾತಿನಲ್ಲಿ ‘ಒಂದು ತೊಲದ ಕೋಲು’. ಉದ್ದ ಒಂಬತ್ತು ಅಡಿ. ತುದಿಯಲ್ಲಿ ಮಾತ್ರ ಬಾಗುವ ಬಿರುಸಿನ ಕೋಲಲ್ಲ, ನಡುವಿನವರೆಗೆ ಬಾಗುವ ಮಧ್ಯಮ ಜಾತಿಯದು. ಏಕೆಂದರೆ ನೂಲು ಹಿಂದೆ ಚಾಚಿತೋ ಇಲ್ಲವೋ ಎಂಬುದನ್ನು ಹೊಸಬನ ಕೈಗೆ ಅದು ತಾನೇ ತಿಳಿಸುತ್ತದೆ. ಬಿರುಸಿನ ಕೋಲು ಬಲ್ಲವನಿಗೆ ದೂರ ಎಸೆದುಕೊಡುತ್ತದೆ, ಹೊಸಬನಿಗೆ ಏನನ್ನೂ ಹೇಳುವುದಿಲ್ಲ. ನಾಲ್ಕು ತುಂಡಾಗಿ ಬಿಚ್ಚುವಂತಹುದನ್ನು ಆರಿಸಿದೆವು. ಹೊನ್ನಾವರದ ಬಸ್ಸಿನಲ್ಲಿ ಒಂಬತ್ತು ಅಡಿಯ ಕೋಲಿಗೆ ಬೇರೆ ಟಿಕೇಟು ಕೇಳಿದರೂ ಕೇಳಿಯಾರು.

ಕೋಲಿನ ದ್ರವ್ಯದ ವಿಷಯದಲ್ಲಿ ನಮಗೆ ತಿಳಿದುಬಂದ ಒಂದು ಸಂಗತಿ ಬಹಳ ಸಂತೋಷವನ್ನುಂಟುಮಾಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದವರು ಬಿದಿರನ್ನು ಉದ್ದಕ್ಕೆ ಸೀಳಿ, ಆರು ಮುಮ್ಮೂಲೆಯ ಸಲಕೆಗಳನ್ನು ಕೂಡಿಸಿ ಅಂಟಿಸಿ ಈ ಕೋಲನ್ನು ಮಾಡಲು ತೊಡಗಿದಾಗ ಬಳಸಿದುದು ಭಾರತದ ಬಿದಿರನ್ನು. ಕಲ್ಕತ್ತೆಯ ರೇವಿನಿಂದ ಹೋಗುತ್ತಿದ್ದುದರಿಂದ ಅದಕ್ಕೆ ಕಲ್ಕತ್ತಾ ಬಿದಿರೆಂದೇ ಹೆಸರು. ಮುಂದೆ ಚೀನದ ಟಾಂಕಿನ್ ಬಿದಿರು ಅದರ ಸ್ಥಾನವನ್ನು ಹಿಡಿಯಿತು. ಎರಡನೆಯ ಮಹಾಯುದ್ಧದ ತರುವಾಯ ಗಾಜಿನೆಳೆಯ ಕೋಲು ಬಂದಿತು, 1973ರಲ್ಲಿ ಇಂಗಾಲದೆಳೆಯದು ಬಂದಿತು. ಗರಿಯ ಕಥೆಯೂ ಇದೇ. ವಿಲಾಯತಿಯ ಸಾಲ್ಮನ್ ಮೀನಿನ ಗಾಳಗಳಿಗೆ ಮೇಣದ ಚುಕ್ಕೆಗಳಿರುವ ಒಂದು ಗರಿ ಬಹು ಬೆಲೆಯದೆನಿಸಿತ್ತು. ಅದು ನಮ್ಮ ಘಟ್ಟದ ಕಾಡುಕೋಳಿಯ ಹುಂಜದ ಕತ್ತಿನ ಗರಿ. ಈಗ ಆ ಹಕ್ಕಿಗೆ ಕಾನೂನಿನ ರಕ್ಷಣೆಯಿದೆ, ಇರಬೇಕಾದದ್ದೇ. ಮೀನುಗಾಳವನ್ನು ಕುರಿತು ಈ ದೇಶದಲ್ಲಿ ಬರೆದ ಹೆಸರಾದ ಇಂಗ್ಲಿಷ್ ಗ್ರಂಥವೂ, ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರದು, 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಪರದೇಶದ ವಿದ್ಯೆಯೆಂದು ನಾವು ಮೂಗು ಮುರಿಯುವಾಗ ಬಿದಿರು ನಮ್ಮ ದೇಶದ್ದು, ಗರಿ ನಮ್ಮ ಕಾಡಿನದು, ಪುಸ್ತಕ ನಮ್ಮ ಕರಾವಳಿಯದು ಎಂಬುದನ್ನೂ ನೆನೆಯಬೇಕು.

ಸೀಳುಬಿದಿರಿನ ಕೋಲು ಇಂದು ಶ್ರೀಮಂತರ ವಸ್ತು, ಅದನ್ನು ಬಿಟ್ಟುಬಿಡೋಣ. ಗಾಜಿನೆಳೆಯದು ಮೆತ್ತಗೆ, ನಿಧಾನ, ಪೆಟ್ಟನ್ನು ತಾಳುತ್ತದೆ. ಇಂಗಾಲದೆಳೆಯದು ಹಗುರ, ಚುರುಕು, ಆದರೆ ಬಂಡೆಗೆ ಬಡಿದರೆ ಸೀಳುತ್ತದೆ. ನಾವು ಕೊನೆಗೆ ಆರಿಸಿದ್ದು ಸಾಧಾರಣ ಬೆಲೆಯ ಇಂಗಾಲದೆಳೆಯದನ್ನು. ಆದರೆ ಅದರಲ್ಲಿ ಒಂದು ಅಪಾಯವುಂಟು, ಅದನ್ನು ಅಂಗಡಿಯವರು ಹೇಳುವುದಿಲ್ಲ. ಇಂಗಾಲದೆಳೆಯಲ್ಲಿ ವಿದ್ಯುತ್ತು ಹರಿಯುತ್ತದೆ. ಗೇರುಸೊಪ್ಪ ವಿದ್ಯುತ್ತಿನ ಊರು, ನೋಡಿದಲ್ಲಿ ತಂತಿಗಳು. ತಂತಿಯ ಕೆಳಗೆ ಕೋಲನ್ನು ಜೋಡಿಸಕೂಡದು, ಎತ್ತಕೂಡದು. ಗುಡುಗು ಕೇಳಿಸಿದೊಡನೆ ನೆಲಕ್ಕಿಟ್ಟು ದೂರ ಹೋಗಬೇಕು. ಹಸಿಯಾದ ಬಿದಿರಿಗೂ ಈ ಮಾತು ಸಲ್ಲುತ್ತದೆ. ನಮ್ಮ ತಂಗಿಯ ಅಂಜಿಕೆ ನೀರಿನದಾಗಿತ್ತು. ತಂತಿಯ ಮಾತನ್ನು ನಾವೇ ಅದಕ್ಕೆ ಸೇರಿಸಬೇಕಾಯಿತು.

ಅವಳ ಅಂಜಿಕೆಯೂ ನಿರಾಧಾರವಾದದ್ದಲ್ಲ. ಊರಿನ ಮೇಲ್ಗಡೆಯ ಕಟ್ಟೆಯ ಬುಡದಲ್ಲಿ 240 ಮೆಗಾವ್ಯಾಟಿನ ವಿದ್ಯುದಾಗಾರವಿದೆ. ಅದರ ಯಂತ್ರಗಳು ತಿರುಗಿದಾಗ ಹೊಳೆ ಏರುತ್ತದೆ, ನಿಂತಾಗ ಇಳಿಯುತ್ತದೆ. ಆಕಾಶದಲ್ಲಿ ಮೋಡವೇ ಇಲ್ಲದ ಚೈತ್ರದ ದಿನವೂ ನೀರು ಏರಬಹುದು. ಮುದುಕರ ಕಾಲದ ಹೊಳೆ ಮಳೆಯ ಮಾತನ್ನು ಕೇಳುತ್ತಿತ್ತು, ಈಗಿನದು ನಗರಗಳ ದೀಪಗಳ ಮಾತನ್ನು ಕೇಳುತ್ತದೆ. ಅದಕ್ಕಾಗಿ ಮನೆಯಲ್ಲಿ ಕಟ್ಟು ಮಾಡಿದೆವು: ಒಬ್ಬನೇ ಹೋಗಕೂಡದು, ಮಳಲ ದಿಬ್ಬಕ್ಕೆ ದಾಟುವ ಮೊದಲು ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಡಬೇಕು, ಕಡ್ಡಿಯ ಬುಡಕ್ಕೆ ನೀರು ಬಂದರೆ ಮೀನು ಕಚ್ಚಿದ್ದರೂ ಬಿಟ್ಟು ಬರಬೇಕು. ಕಟ್ಟೆಯ ಸಮೀಪಕ್ಕೆ ಹೋಗುವ ಮಾತೇ ಇಲ್ಲ. ಮೇಲಣ ಕಾಡಿನ ಬಹುಭಾಗ 2019ರಿಂದ ಸಿಂಗಳೀಕಗಳ ಅಭಯಾರಣ್ಯ. ಅಲ್ಲಿ ಗಾಳಕ್ಕೆ ಎಡೆಯಿಲ್ಲ. ಈ ಕಡ್ಡಿಯ ಉಪಾಯವೂ ಮುದುಕರದೇ. ಅದನ್ನು ಕೇಳಿದ ಮೇಲೆ ತಂಗಿ ಒಪ್ಪಿದಳು. ಅರ್ಧ ಮನಸ್ಸಿನಿಂದ ಒಪ್ಪಿದಳೆಂದು ಬರೆದರೆ ಸತ್ಯಕ್ಕೆ ಹತ್ತಿರವಾದೀತು.

ಮನೆಯೊಳಗೆ ಇನ್ನೊಂದು ಆಕ್ಷೇಪ ಬಂದದ್ದು ನಮ್ಮ ಮನೆಯವರಿಂದ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವುದು ನೊಣಗಾಳದವರ ಪದ್ಧತಿಯೆಂದು ಹುಡುಗನು ಹೆಮ್ಮೆಯಿಂದ ಹೇಳಿದಾಗ ಅವರು, “ತಿನ್ನುವುದಾದರೆ ಹಿಡಿ. ಬಿಡುವುದಾದರೆ ಆ ಬಡಜೀವವನ್ನು ಏಕೆ ಕಾಡುತ್ತೀಯೆ?” ಎಂದರು. ಹುಡುಗನು ನಮ್ಮ ಮುಖವನ್ನು ನೋಡಿದನು. ನಮ್ಮಲ್ಲಿಯೂ ಪೂರ್ಣವಾದ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮಹಶೀರ್ ಮೀನು ಹಲವು ಹೊಳೆಗಳಲ್ಲಿ ಕ್ಷೀಣಿಸುತ್ತಿದೆ. ಕಾವೇರಿಯ ಗೂನುಬೆನ್ನಿನ ಜಾತಿಯನ್ನಂತೂ ಅಳಿವಿನ ಅಂಚಿನಲ್ಲಿರುವುದೆಂದು 2018ರಲ್ಲಿ ಲೋಕದ ವಿದ್ವಾಂಸರು ಪಟ್ಟಿಗೆ ಸೇರಿಸಿದ್ದಾರೆ. ಶೃಂಗೇರಿಯಲ್ಲಿಯೂ ಶಿಶಿಲದಲ್ಲಿಯೂ ಅದು ದೇವರ ಮೀನು; ಅಲ್ಲಿ ಅದಕ್ಕೆ ಮಂಡಕ್ಕಿ ಹಾಕುವ ಜನ ಇಲ್ಲಿ ಕೊಕ್ಕೆ ಹಾಕುವುದು ವಿಚಿತ್ರವೇ ಸರಿ. ಕೊನೆಗೆ ಹೀಗೆ ಗೊತ್ತುಮಾಡಿದೆವು: ಕೆಳಗಿನ ನೀರಿನಲ್ಲಿ ಅಡಿಗೆಗೆ ಬೇಕಾದಷ್ಟೇ ಹಿಡಿಯುವುದು, ಹಿಡಿದುದನ್ನು ಮನೆಗೆ ತರುವುದು, ಮಹಶೀರ್ ಬಿದ್ದರೆ ನೀರಿನಿಂದ ಎತ್ತದೆಯೇ ಕೊಕ್ಕೆಯನ್ನು ತೆಗೆದು ಬಿಡುವುದು, ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಅಮುಕಿ ನುಣ್ಣಗೆ ಮಾಡಿಯೇ ಹೋಗುವುದು. ಮುಂಗಾರಿನ ಮೊದಲ ನೀರಿಗೆ ಹತ್ತುಮೀನುಗಳು ಬಸುರಾಗಿ ಮೇಲಕ್ಕೇರುವಾಗ ಗಾಳವನ್ನು ಮುಟ್ಟಕೂಡದು. ನಮ್ಮ ಮನೆಯವರಿಗೆ ಎರಡನೆಯ ಕಲಮು ಇನ್ನೂ ಒಪ್ಪಿಗೆಯಾಗಿಲ್ಲ.

ಹಣದ ಹಂಚಿಕೆಯನ್ನೂ ಹೇಳಬೇಕು. ಒಂಬತ್ತು ಸಾವಿರವನ್ನು ಕೋಲಿಗೇ ಸುರಿದಿದ್ದರೆ ನೂಲಿಗೆ ಕಾಸಿರುತ್ತಿರಲಿಲ್ಲ. ಹೊಸಬರು ಕೋಲಿಗೆ ಹೆಚ್ಚು ಕೊಟ್ಟು ನೂಲಿನಲ್ಲಿ ಉಳಿಸಲು ನೋಡುತ್ತಾರೆ. ಎಸೆಯಲ್ಪಡುವುದು ನೂಲು ಎಂಬುದನ್ನು ಬಲ್ಲವರು ಹಾಗೆ ಮಾಡುವುದಿಲ್ಲ. ಸಾಧಾರಣ ಕೋಲಿಗೆ ಒಳ್ಳೆಯ ನೂಲನ್ನು ಹಾಕಬಹುದು. ಒಳ್ಳೆಯ ಕೋಲಿಗೆ ಕೆಟ್ಟ ನೂಲನ್ನು ಹಾಕಿದರೆ ಎರಡೂ ಕೆಟ್ಟವೇ. ರೀಲು ಸಣ್ಣ ಮೀನಿಗೆ ನೂಲು ಸುತ್ತಿಡುವ ಉಂಡೆ ಮಾತ್ರ. ಅಳಿವೆಯ ಬಲವಾದ ಮೀನಿಗೆ ಅದರಲ್ಲಿ ತಡೆಯಿರಬೇಕು, ಉಪ್ಪಿಗೆ ತುಕ್ಕು ಹಿಡಿಯದಂತಿರಬೇಕು. ಅಂಗಡಿಯಲ್ಲಿ ಕೋಲನ್ನು ಜೋಡಿಸಿ ಹಿಡಿದು ನೋಡುವ ಅವಕಾಶವಿದ್ದರೆ, ಅದನ್ನು ಮಟ್ಟವಾಗಿ ಹಿಡಿದು ಒಮ್ಮೆ ಅಲುಗಿಸಿ ನಿಲ್ಲಿಸಬೇಕು. ತುದಿಯ ನಡುಕ ಬೇಗ ಅಡಗಿದರೆ ಒಳ್ಳೆಯದು. ಉಂಗುರಗಳು ಒಂದೇ ಸಾಲಿನಲ್ಲಿವೆಯೇ, ಬೆಂಡಿನ ಹಿಡಿ ಹುಡುಗನ ಅಂಗೈಗೆ ತುಂಬುವಂತಿದೆಯೇ ಎಂಬುದನ್ನು ನೋಡಬೇಕು. ನಮ್ಮ ಅಂಗೈಗಲ್ಲ.

ಕೋಲು ಬರುವ ಮೊದಲೇ ಅಂಬಿಗ ಮುದುಕರು ತಮ್ಮದೊಂದನ್ನು ಹುಡುಗನಿಗೆ ಕೊಟ್ಟಿದ್ದರು. ಗಟ್ಟಿಯಾದ ಕಿರುಬಿದಿರು, ಮೂರು ವರ್ಷ ಬಲಿತ ಗಳುವನ್ನು ಕೃಷ್ಣಪಕ್ಷದಲ್ಲಿ ಕಡಿದು, ಹುಳು ಹಿಡಿಯದಂತೆ ಹರಿಯುವ ನೀರಿನಲ್ಲಿ ನೆನೆಹಾಕಿ, ಒಲೆಯ ಮೇಲಿನ ಹೊಗೆಯಲ್ಲಿ ತೂಗುಹಾಕಿ ಪಳಗಿಸಿದ್ದು. ಅದರಲ್ಲಿ ಎರಡು ತಿಂಗಳು ಎರೆಹುಳ ಹಾಕಿ ಕುಳಿತಿದ್ದರಿಂದ ಮೀನು ಎಲ್ಲಿ ನಿಲ್ಲುತ್ತದೆ, ನೆರಳನ್ನು ಕಂಡು ಹೇಗೆ ಸರಿಯುತ್ತದೆ, ಇಳಿತದಲ್ಲಿ ಯಾವ ಮಡುವನ್ನು ಸೇರುತ್ತದೆ ಎಂಬುದು ಹುಡುಗನಿಗೆ ಗೊತ್ತಾಯಿತು. ಹೊಸ ಕೋಲು ಫಾಲ್ಗುಣದಲ್ಲಿ ಬಂದಾಗ ಅವನು ಹೊಳೆಗೆ ಓಡಲಿಲ್ಲ. ಅಡಕೆ ಒಣಗಿಸುವ ಅಂಗಳದಲ್ಲಿ, ಕೊಕ್ಕೆಯ ಬದಲಿಗೆ ಕೆಂಪು ಉಣ್ಣೆಯ ಚೂರನ್ನು ಕಟ್ಟಿ, ತಲೆಗೆ ಟೊಪ್ಪಿಗೆಯನ್ನೂ ಕಣ್ಣಿಗೆ ತಂದೆಯ ಹಳೆಯ ಕನ್ನಡಕವನ್ನೂ ಹಾಕಿಕೊಂಡು ಬೀಸತೊಡಗಿದನು. ಮೊದಲ ವಾರ ನೂಲು ಬಾವಿಯ ರಾಟೆಗೆ, ತುಳಸಿಕಟ್ಟೆಗೆ, ಒಮ್ಮೆ ದನದ ಕೊಂಬಿಗೆ ಸುತ್ತಿತು. ಮೂರನೆಯ ವಾರ ಅದು ಹಿಂದಕ್ಕೆ ಚಾಚಿ, ಕ್ಷಣ ನಿಂತು, ಮುಂದೆ ಸುರುಳಿ ಬಿಚ್ಚಿಕೊಂಡು ಅಡಕೆಯ ಚಾಪೆಯ ಆಚೆ ಸದ್ದಿಲ್ಲದೆ ಇಳಿಯಿತು. ಜಗುಲಿಯಲ್ಲಿದ್ದ ತಾಯಿ ಅದನ್ನು ನೋಡಿ, ಮಗ ತಿರುಗುವಷ್ಟರಲ್ಲಿ ಒಳಗೆ ಹೋದಳು. ಮರುದಿನ ಮಳಲ ದಿಬ್ಬಕ್ಕೆ ಹೊರಟಾಗ ನೀರಿನಂಚಿಗೆ ನೆಡುವ ಕಡ್ಡಿಯನ್ನು ಅವಳೇ ಕತ್ತರಿಸಿಕೊಟ್ಟಳು. ಅದಕ್ಕೆ ಸುಣ್ಣ ಬಳಿದಿದ್ದಳು, ದೂರಕ್ಕೆ ಕಾಣಲೆಂದು.

ನೊಣಗಾಳಕ್ಕೆ ಇನ್ನೂ ದೊಡ್ಡ ಮೀನು ಬಿದ್ದಿಲ್ಲ. ಕೈಯುದ್ದದವು ನಾಲ್ಕು ಬಿದ್ದಿವೆ, ಸಾರಿಗೆ ಸೇರಿವೆ. ಈಗ ಆಷಾಢದ ಮಳೆ, ಹೊಳೆ ಕೆಂಪಾಗಿದೆ. ಸಿಹಿನೀರಿನಲ್ಲಿ ತೊಳೆದು ಒರಸಿದ ಕೋಲು ನಾಲ್ಕು ತುಂಡಾಗಿ ಬಟ್ಟೆಯ ಚೀಲದಲ್ಲಿ ಅಟ್ಟದ ಮೇಲಿದೆ. ಬೂಸಲು ಹಿಡಿಯದಂತೆ ವಾರಕ್ಕೊಮ್ಮೆ ಅದನ್ನು ಹೊರತೆಗೆದು ಆರಿಸುತ್ತಾನೆ. ಮುದುಕರ ಕಿರುಬಿದಿರು ಅದರ ಮಗ್ಗುಲಲ್ಲಿಯೇ ಹೊಗೆಯಲ್ಲಿದೆ. ದೀಪಾವಳಿಗೆ ಇನ್ನು ನಾಲ್ಕು ತಿಂಗಳು. ಸಂಜೆ ದೀಪದ ಕೆಳಗೆ ಕುಳಿತು ಹುಡುಗನು ಕೊಕ್ಕೆಗಳಿಗೆ ಗರಿ ಸುತ್ತುತ್ತಾನೆ, ಎರಡೆರಡರಂತೆ, ತನಗೊಂದು, ತಂದೆಗೊಂದು. ಹಿತ್ತಿಲ ಹುಂಜದ ಕತ್ತು ದಿನದಿಂದ ದಿನಕ್ಕೆ ಬೋಳಾಗುತ್ತಿರುವುದನ್ನು ನಮ್ಮ ಮನೆಯವರು ಗಮನಿಸಿದ್ದಾರೆ.